ಬಿಲ್ಲೆಯ ಮೇಲಿಲ್ಲದ ಹೆಸರು

"ಮೊದ್ಲು ಈ ಲೌಡಿ ಹತ್ರ ಕಾಗ್ದ ಕೇಳಿ ಸಾಹೇಬ್ರೆ, ಆಮೇಲ್ ನನ್ನ ಕೇಳೀರಂತೆ!"

ಕಚ್ಚಿಸಿಕೊಂಡ ಮುಂಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೇ ಸ್ಟ್ರಾಬೆರಿ ತೋಟದ ಮೇಸ್ತ್ರಿ ರುಟೀಲಿಯೊ ಕೂಗಿದ. ಎದುರಿಗೆ ಲೂಸಿಯ ನಿಂತಿದ್ದಳು. ಹಣ್ಣಿನ ಡಬ್ಬಿಯಿಂದ ಅವನು ಬಾರಿಸಿದ ಏಟಿಗೆ ಅವಳ ಹುಬ್ಬು ಒಡೆದಿತ್ತು. ಪಾಯಿಖಾನೆಯ ಹಿಂದೆ ಎದೆಗೆ ಕೈ ಹಾಕಿದವನನ್ನು ಕಚ್ಚಿ, ಅವಳೇ ಪೊಲೀಸರಿಗೆ ಫೋನ್ ಮಾಡಿದ್ದಳು.

ಬಂದ ಪೊಲೀಸಿನವನು ಹೊಸಬ. ಮುರುಕು ಸ್ಪ್ಯಾನಿಷ್‌ನಲ್ಲಿ ಕೇಳಿದ. "ನೀನು ಹುಟ್ಟಿದ್ದೆಲ್ಲಿ?"

"ಅದ ನೀವ್ ಕೇಳಂಗಿಲ್ಲ" ಅಂದಳು ಲೂಸಿಯ. "ವಲಸೆ ಇಲಾಖೆಯೋರ ಚಾಕ್ರಿ ನೀವ್ ಮಾಡಂಗಿಲ್ಲ ಅಂತ ಈ ರಾಜ್ಯದಲ್ಲಿ ಕಾನೂನೈತೆ. ರೇಡಿಯೋದಾಗೆ ನಮ್ ಭಾಷೇಲೇ ಹೇಳವ್ರೆ. ಹೊಡ್ದೋನ್ ಯಾರು ಅಂತ ಕೇಳಿ."

ಪೊಲೀಸಿನವನ ಕಿವಿ ಕೆಂಪಾಯಿತು. "ಸರಿ, ಕೇಳಲ್ಲ. ಅವರಿಗೆ ಫೋನೂ ಮಾಡಲ್ಲ. ಆದ್ರೆ ದೂರಿಗೆ ಹೆಸರು ಬೇಕು. ನಿಜವಾದ್ದು."

ರುಟೀಲಿಯೊ ಕಿಸಕ್ಕನೆ ನಕ್ಕ. "ಹೇಳೇ! ಯಾವ್ದು ಹೇಳೀಯೆ? ಕೊರಳ ಬಿಲ್ಲೇದಾ, ನಿಮ್ಮಪ್ಪ ಇಟ್ಟಿದ್ದಾ? ಬಿಲ್ಲೇದು ಹೇಳುದ್ರೆ ಸುಳ್ ದೂರು. ನಿಜ ಹೇಳುದ್ರೆ ನಾಳೆಯಿಂದ ಕೆಲ್ಸ ಇಲ್ಲ. ಇವ್ರು ಫೋನ್ ಮಾಡ್ದಿದ್ರೇನು, ನಾನಿಲ್ವಾ?"

ನಮ್ಮಲ್ಲಿ ಮುಕ್ಕಾಲು ಮಂದಿಯ ಬಿಲ್ಲೆಯ ಮೇಲಿರುವುದು ದುಡ್ಡು ಕೊಟ್ಟು ಕೊಂಡ ಹೆಸರೇ. ಕಾಗದದ ಹೆಸರಿಲ್ಲದಿದ್ದರೆ ಸ್ಟ್ರಾಬೆರಿ ಸಾಲಿಗೆ ಇಳಿಯಲೂ ಬಿಡುವುದಿಲ್ಲ. ಹನ್ನೊಂದು ವರ್ಷದಿಂದ ನಾನಿಲ್ಲಿ ರೋಸಾ. ಲೂಸಿಯಳ ಪಕ್ಕದ ಸಾಲಿನಲ್ಲೇ ಬೆನ್ನು ಬಗ್ಗಿಸಿ ಆರು ವರ್ಷವಾಯಿತು, ಅವಳ ನಿಜವಾದ ಹೆಸರೇನೆಂದು ನನಗೂ ಗೊತ್ತಿರಲಿಲ್ಲ.

ಸಾಲಿನ ತುದಿಯಲ್ಲಿ ಹಣ್ಣು ಒಯ್ಯುವ ಶೀತಗಾಡಿ ಹಾರ್ನ್ ಹೊಡೆಯುತ್ತಿತ್ತು. ಕಿತ್ತ ಹಣ್ಣು ಒಂದು ಗಂಟೆ ಬಿಸಿಲಲ್ಲಿದ್ದರೆ ಆಯಿತು, ಕಂಪನಿ ಅದನ್ನು ಮುಟ್ಟುವುದಿಲ್ಲ.

"ಏನ್ರೇ ಮುಂಡೇವಾ, ಬಾಯ್ ಬಿಟ್ಕೊಂಡ್ ನಿಂತಿದೀರಾ? ಗಾಡಿ ತುಂಬ್ಸಿ!" ರುಟೀಲಿಯೊ ನಮ್ಮತ್ತ ತಿರುಗಿ ಕೂಗಿದ.

ಲೂಸಿಯ ಕೊರಳಿನ ಬಿಲ್ಲೆ ಬಿಚ್ಚಿ ಅವನ ಬೂಟಿನ ಮುಂದೆ ಎಸೆದಳು.

"ಎಲ್ಪಿಡಿಯ ಲೋಪೆಸ್ ಸಾಂತಿಯಾಗೊ. ಬರ್ಕೊಳ್ಳಿ."

ಪೊಲೀಸಿನವನು ಬರೆದುಕೊಂಡು ತಲೆಯೆತ್ತಿದ. "ಕಂಡವರು ಯಾರಾದರೂ ಇದ್ದೀರಾ?"

ಎಲ್ಲರೂ ನೆಲ ನೋಡಿದರು. ನಾನೂ ನೋಡಿದೆ. ಮನೆಯಲ್ಲಿ ನನಗೆ ಇಬ್ಬರು ಮಕ್ಕಳು. ಹೋದ ವರ್ಷ ಅದೇ ಪಾಯಿಖಾನೆಯ ಹಿಂದೆ ಅದೇ ಕೈ ನನ್ನ ಎದೆಗೂ ಬಂದಿತ್ತು. ನಾನು ಕಚ್ಚಿರಲಿಲ್ಲ. ಮುಖ ತೊಳೆದುಕೊಂಡು ಬಂದು ಹಣ್ಣು ಕಿತ್ತಿದ್ದೆ, ಥೂ ನನ್ನ ಬಾಳಿಗೆ!

ಡಬ್ಬಿಯನ್ನು ನೆಲಕ್ಕಿಟ್ಟು ಸಾಲು ದಾಟಿದೆ.

"ರೋಸಾ, ನಿಂಗೇನೇ ಇಲ್ಲಿ ಕೆಲ್ಸ?"

"ರೋಸಾ ಅಲ್ಲ ಕಣೋ ಬಡ್ಡೀಮಗ್ನೆ! ಬರ್ಕೊಳ್ಳಿ ಸಾಹೇಬ್ರೆ, ಹೆರ್ಮಿನಿಯ ಕ್ರೂಸ್ ಬೌತಿಸ್ತ. ಇವ್ಳಿಗೆ ಹೊಡ್ದಿದ್ದ ನಾನ್ ಕಂಡಿವ್ನಿ. ನನ್ ಮೈಮ್ಯಾಲೂ ಕೈ ಹಾಕವ್ನೆ."

ಎಲ್ಪಿಡಿಯ ನನ್ನತ್ತ ತಿರುಗಿದಳು. "ಹೆರ್ಮಿನಿಯ ನೀನು?" ಎಂದಳು. ಹ್ಞೂಂ ಅಂದೆ.

ಪೊಲೀಸಿನವನು ಹಾಳೆ ತಿರುವಿದ. ಹಿಂದೆ ಯಾರೋ ಡಬ್ಬಿ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಇನ್ನೊಂದು. ಶೀತಗಾಡಿಯವನು ಹಾರ್ನ್ ಮೇಲಿನ ಕೈಯನ್ನು ತೆಗೆಯಲೇ ಇಲ್ಲ.