ಕಾಗೆ ಮುಟ್ಟದ ಎಡೆ

ಬಂತು, ಒಂದು ಕಾಗೆ ಬಂತು, ಇಲ್ಲ, ಬೇಲಿ ಮೇಲೆ ಕೂತು ಕತ್ತು ಓರೆ ಮಾಡಿ ಎಡೆ ನೋಡಿ ಹಾರಿಯೇ ಹೋಯಿತು, ಕಾಸರಕೋಡಿನಲ್ಲಿ ಕಾಗೆಗೇನು ಬರಗಾಲವೇ, ಮೀನು ಒಣಹಾಕಿದ ಕಡೆಯೆಲ್ಲ ಅವುಗಳದ್ದೇ ರಾಜ್ಯ, ಈ ಬಾಳೆಲೆಯ ಹತ್ತಿರ ಮಾತ್ರ ಇಪ್ಪತ್ತೆಂಟು ವರ್ಷದಿಂದ ಒಂದೂ ಸುಳಿದಿಲ್ಲ, ಹೇಗೆ ಬಂದಾವು ಮಾರಾಯರೆ, ಮನುಷ್ಯ ಸತ್ತಿದ್ದರೆ ತಾನೆ — ವಿನುತಾಳ ಕೈಯಲ್ಲಿ ಮೊಬೈಲು, ಅದರಲ್ಲಿ ಆ ಫೋಟೊ, ಹೆಗಲ ಮೇಲೆ ಆ ಕೈ. ಜಾಲತಾಣಕ್ಕೆ ಬೇರೆಯವರು ಬರೆದ ಪಟ್ಟಿ ತಿದ್ದಿಕೊಡುವುದು ಅವಳ ಕೆಲಸ, ಈ ವಾರದ್ದು ವೇಲ್ಸ್ ದೇಶದ ಒಂದು ಕಲ್ಲಿದ್ದಲ ಕಣಿವೆಯಿಂದ ಬಂದ ಹೆಸರುವಾಸಿಗಳು, ಕಾಗೆ ಬರುವ ತನಕ ತಿದ್ದಿಬಿಡುವಾ ಎಂದು ತೆರೆದಿದ್ದಳು, ಒಬ್ಬ ಗಾಯಕ, ಒಬ್ಬ ಮುಷ್ಟಿಯುದ್ಧದವ, ಎಲ್ಲರ ಅಜ್ಜಂದಿರೂ ಗಣಿಯ ಧೂಳು ಕುಡಿದು ಕೆಮ್ಮಿ ಸತ್ತವರು, ಏಳನೆಯವ ರಗ್ಬಿ ಆಟಗಾರ ಓವೆನ್ ತಾಂಡೇಲ, ಎಲ್ಲಿಯ ವೇಲ್ಸು ಎಲ್ಲಿಯ ನಮ್ಮ ಕರಾವಳಿಯ ತಾಂಡೇಲ ಎಂದು ನಗುತ್ತ ಕೆಳಗೆ ಓದಿದರೆ — ತಾಯಿಯ ಅಪ್ಪ ಗಣಿ ಕೆಲಸದವ, ತಂದೆ ರಮಾನಂದ, ಹೊನ್ನಾವರದ ಹತ್ತಿರದ ಕಾಸರಕೋಡಿನವರು, ಹಡಗಿನಿಂದ ಇಳಿದು ವೇಲ್ಸಿನಲ್ಲೇ ನೆಲೆ ನಿಂತರು, ಈಗಲೂ ಭಾನುವಾರ ತಾವೇ ಬಂಗಡೆ ಸಾರು ಮಾಡುತ್ತಾರೆ. ಅಯ್ಯೋ ದೇವರೇ, ಬಂಗಡೆ ಸಾರು! ಇಲ್ಲಿ ಎಲೆಯ ಮೇಲೆ ಅದೇ ಬಂಗಡೆ ಆರಿ ನೊಣ ಮುಕುರುತ್ತಿದೆ, ಹೆತ್ತ ತಾಯಿ, ಅವಳ ಆಯಿ, ಬೆಳಿಗ್ಗೆ ಐದಕ್ಕೇ ಎದ್ದು ಮಸಾಲೆ ಅರೆದದ್ದು, ನಿಮ್ಮಪ್ಪಂಗೆ ಹುಳಿ ಮುಂದಿರ್ಬೇಕು ಎಂದು ಎರಡೆರಡು ಸಲ ನೆನಪಿಸಿಕೊಂಡು. ಗೋಡೆಯ ಮೇಲೆ ಹಾರ ಹಾಕಿದ ಪಟದಲ್ಲಿ ಅಪ್ಪ ರಮಾನಂದನ ಎಡಹುಬ್ಬಿನಲ್ಲಿ ಗಾಯದ ಗೆರೆ, ಮೊಬೈಲಿನ ಬೊಜ್ಜಿನ ಮುದುಕನ ಹುಬ್ಬಿನಲ್ಲೂ ಅದೇ ಗೆರೆ, ನಗುತ್ತಿದ್ದಾನೆ, ಕೈ ಮಗನ ಹೆಗಲ ಮೇಲೆ.

ಅವಳಿಗೆ ಆಗ ಮೂರು ವರ್ಷ, ಅಪ್ಪ ಹಡಗಿನಿಂದ ಸಮುದ್ರಕ್ಕೆ ಬಿದ್ದ, ಹೆಣ ಸಿಗಲಿಲ್ಲ ಎಂದು ಹಡಗಿನವರ ಕಾಗದ ಬಂತಂತೆ, ಸತ್ತ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾಸೆಯೇ ತಿಥಿ, ಹಾಗೆ ಪ್ರತಿ ವರ್ಷ ಈ ಎಡೆ, ಕಾಗೆ ಮುಟ್ಟದೆ ಆಯಿ ಆ ದಿನವಿಡೀ ಒಂದು ಅಗಳು ಬಾಯಿಗೆ ಹಾಕುವವಳಲ್ಲ, ಸಕ್ಕರೆ ಕಾಯಿಲೆ ಬೇರೆ, ಕಾಗೆ ಬಾರದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ, ಹುಡುಗಿಯನ್ನು ಓದಿಸ್ತೆ, ಮಾಡಿಗೆ ಹೊಸ ಹಂಚು ಹಾಕಿಸ್ತೆ, ಎಂದು ಆಯಿ ಮಾತು ಕೊಟ್ಟದ್ದೂ ಕೊಟ್ಟದ್ದೇ, ಮೀನಿನ ಬುಟ್ಟಿ ಹೊತ್ತು ನಡೆಸಿದ್ದೂ ನಡೆಸಿದ್ದೇ, ವಿಧವೆಯೆಂದು ಊರವರ ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತದ್ದೂ ಕೂತದ್ದೇ, ಥೂ, ಯಾರಿಗಾಗಿ! ಹೇಳಲೇ, ಹೇಳಿದರೆ ಈ ಹೆಂಗಸು ಉಳಿದಾಳೇ, ಹೇಳದಿದ್ದರೆ ಮುಂದಿನ ವರ್ಷವೂ ಬದುಕಿದವನಿಗೆ ಎಡೆ ಇಟ್ಟು ಹಸಿದು ನಿಲ್ಲುತ್ತಾಳೆ. ಬನ್ನಿ, ಇನ್ನೂ ಎಂತ ಸಿಟ್ಟು ನಿಮ್ಗೆ, ನಾ ಎಂತ ಕಡಿಮೆ ಮಾಡ್ದೆ — ಆಯಿ ಬೇಲಿಯ ಕಡೆ ಕೈಮುಗಿದು ಕರೆಯುತ್ತಿದ್ದಾಳೆ, ಗಂಟೆ ಎರಡಾಯಿತು, ತಂಗೀ, ನೀ ಕರಿ, ಮಗಳು ಕರದ್ರೆ ಬರ್ತಾರೆ. ಆಯಿ, ನೀ ಊಟ ಮಾಡು, ಕಾಗೆ ಬರೂದಿಲ್ಲ. ಎಂತಕ್ಕೆ ಬರೂದಿಲ್ಲ? ವಿನುತಾ ಮೊಬೈಲು ಮುಂದೆ ಚಾಚಿದಳು, ಆಯಿ ಸೆರಗಿಗೆ ಕೈ ಒರೆಸಿ ಮೊಬೈಲು ಇಸಕೊಂಡು ಕಣ್ಣ ಹತ್ತಿರ ಹಿಡಿದಳು, ಗೋಡೆಯ ಪಟ ನೋಡಿದಳು, ಮತ್ತೆ ಮೊಬೈಲು ನೋಡಿದಳು, ಈ ಹುಡ್ಗ ಎಷ್ಟು ವರ್ಷದವ್ನೇ, ಇಪ್ಪತ್ನಾಲ್ಕು ಆಯಿ, ಆಯಿಯ ಬೆರಳು ಹುಡುಗನ ಮುಖ ಸವರಹೋಗಿ ಎಲ್ಲೋ ತಾಗಿತು, ಫೋಟೊ ತಟ್ಟನೆ ದೊಡ್ಡದಾಯಿತು, ಮುಖಗಳೆಲ್ಲ ಆಚೆ ಸರಿದವು, ಈಗ ಅಲ್ಲಿ ಹೆಗಲ ಮೇಲಿನ ಆ ಕೈ, ಬರೀ ಆ ಕೈ