ಸೆಲ್ ತಗೀಬ್ಯಾಡ್ರಿ

ಮಾನ್ವಿಯಿಂದ ರಾಯಚೂರಿನವರೆಗೂ ಸಂಘಮಿತ್ರಾ ಅಪ್ಪನ ಬ್ರಿಕ್ ಗೇಮನ್ನು, ಪರದೆಯ ಮೇಲೆ ಇಟ್ಟಿಗೆ ಜೋಡಿಸುವ ಆ ಅಂಗೈಯಗಲದ ಆಟಿಕೆಯನ್ನು, ಕೈಯಿಂದ ಕೆಳಗಿಡಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಸೆಲ್ಲಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದಳು.

ಅಪ್ಪ ಮೌನಪ್ಪ ದೇವದುರ್ಗದ ಬಸ್ಸಿನ ಡ್ರೈವರ್. ಟ್ರಿಪ್ಪುಗಳ ನಡುವೆ ಸ್ಟೇರಿಂಗಿನ ಮೇಲೆ ಮೊಣಕೈ ಊರಿ ಇದನ್ನು ಆಡುತ್ತಿದ್ದ. ತೀರಿಕೊಂಡು ಹತ್ತು ತಿಂಗಳಾದರೂ ಅವನ ಸ್ಕೋರು, ೨೭,೪೦೦, ಪರದೆಯ ಮೂಲೆಯಲ್ಲಿ ಹಾಗೇ ಇತ್ತು. ಅವ್ವ ದುರುಗಮ್ಮ ದಿನಾ ಸಂಜೆ ಗುಂಡಿ ಒತ್ತಿ ಅದನ್ನೊಮ್ಮೆ ನೋಡಿಯೇ ಒಲೆ ಹಚ್ಚುವುದು. ಈಗ ಅಂಕಿ ಮಸುಕಾಗತೊಡಗಿತ್ತು. ಸೆಲ್ ತೆಗೆದರೆ ಸ್ಕೋರು ಅಳಿಸಿಹೋಗುತ್ತದೆ. ತೆಗೆಯದಿದ್ದರೂ ಇನ್ನೊಂದು ವಾರ ಉಳಿದರೆ ಹೆಚ್ಚು.

ಸ್ಕೋರು ಅಳಿಯದಂತೆ ಸೆಲ್ ಬದಲಿಸಿಕೊಡಲು ಅವಳು ಕೇಳಬೇಕೆಂದಿದ್ದ ರಾಯಚೂರಿನ ಅಲ್ತಾಫ್ ರೇಡಿಯೋ ರಿಪೇರಿಯವನು, ಹಳೆ ಗೇಮುಗಳನ್ನು ಕೂಡಿಡುವ ಹುಚ್ಚಿನವನು. ಅವನ ಗಾಜಿನ ಕಪಾಟಿನಲ್ಲಿ ನಲವತ್ತಾದರೂ ಗೇಮುಗಳಿದ್ದವು, ಒಂದರಲ್ಲೂ ಸೆಲ್ ಇರಲಿಲ್ಲ. ಸೆಲ್ ಸೋರಿದರೆ ಒಳಗಿನ ತಗಡು ತುಕ್ಕು ಹಿಡಿಯುತ್ತದೆಂದು, ಯಾವ ಗೇಮು ಕೈಗೆ ಬಂದರೂ ಮೊದಲು ಸೆಲ್ ಉದುರಿಸುವುದು ಅವನ ರೂಢಿ.

"ಅರೇ, ಹಳೇ ಮಾಲು. ಮಾರ್ತೀಯೇನವ್ವ?" ಎಂದು ಅವನು ಗೇಮನ್ನು ಅವಳ ಕೈಯಿಂದ ತಗೊಂಡ.

ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತನ್ನು ಅವಳಿನ್ನೂ ಶುರುಮಾಡಿರಲಿಲ್ಲ. ಅಷ್ಟರಲ್ಲಿ ಅವನ ಉಗುರು ಮುಚ್ಚಳದ ಸಂದಿಗೆ ಹೋಗಿತ್ತು.

"ಸೆಲ್ ತಗೀಬ್ಯಾಡ್ರಿ."

ಅಂಗಡಿ ಮುಂದೆ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಅವಳ ಕೈ ಅಲ್ತಾಫನ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು.

"ನಮ್ಮಪ್ಪನ ಸ್ಕೋರ್ ಅದ ರೀ ಅದರಾಗ. ಅಪ್ಪ ಈಗಿಲ್ಲ. ಬಸ್ ಡ್ರೈವರ್ ಇದ್ದ."

ಅಲ್ತಾಫ್ ಕನ್ನಡಕ ಏರಿಸಿ ಪರದೆ ನೋಡಿದ. "ಇಪ್ಪತ್ತೇಳು ಸಾವಿರ. ನಾ ಇಷ್ಟು ವರ್ಷ ಆಡಿದ್ರೂ ಹದಿನೆಂಟು ದಾಟಿಲ್ಲ. ಬಸ್ ಯಾವಾಗ ಓಡಿಸ್ತಿದ್ದ ನಿಮ್ಮಪ್ಪ?"

ಅವಳಿಗೆ ನಗು ಬಂತು.

ಅವನು ಮುಚ್ಚಳ ತೆರೆದು, ಬೇರೆರಡು ಸೆಲ್ಲಿನಿಂದ ವೈರು ಎಳೆದು ಒಳಗಿನ ತಗಡುಗಳಿಗೆ ತಾಗಿಸಿದ. "ಕರೆಂಟ್ ಕಡೀಬಾರ್ದು, ಈ ವೈರ್ ಗಟ್ಟಿ ಒತ್ತಿ ಹಿಡಿ. ಕೈ ಬಿಟ್ಟಿ ಅಂದ್ರ ಹೋತು."

ಅವಳು ಎರಡೂ ಹೆಬ್ಬೆರಳಿನಿಂದ ಒತ್ತಿದಳು. ಹಳೆ ಸೆಲ್ಲುಗಳು ಹೊರಬಂದವು, ಹೊಸವು ಕೂತವು. ೨೭,೪೦೦ ಕಪ್ಪಗೆ ಮೂಡಿತು.

"ವರ್ಷಕ್ಕೊಮ್ಮಿ ಬಾ. ಮಾರೂದು ಬ್ಯಾಡ," ಎಂದ ಅಲ್ತಾಫ್.

ಸಂಜೆ ದುರುಗಮ್ಮ ಅಂಕಿಯನ್ನು ಬಹಳ ಹೊತ್ತು ನೋಡಿ, ಗೇಮನ್ನು ಮಗಳ ಮುಂದೆ ಹಿಡಿದಳು. "ನೀ ಒಂದಾಟ ಆಡು."

"ದಾಟಿದ್ರ ಅಪ್ಪಂದು ಅಳಿಸ್ತದ ಬೇ."

"ನೀ ದಾಟಾಕಿ? ಆಡು ಸುಮ್ನ."

ಸಂಘಮಿತ್ರಾ ಆಡಿದಳು. ಒಂಬೈನೂರಕ್ಕೆ ಆಟ ಮುಗಿಯಿತು.

"ಇಷ್ಟನಾ?" ಎಂದು ದುರುಗಮ್ಮ ಗೇಮು ಕಸಿದುಕೊಂಡು ಗೋಡೆಗೊರಗಿ ಕೂತಳು. "ಯಾವ ಗುಂಡಿ ಒತ್ತಿದ್ರ ತಿರುಗ್ತದ, ಹೇಳು."

ಅವತ್ತು ಒಲೆ ಹೊತ್ತಿದ್ದು ಬಹಳ ತಡವಾಗಿ.