ಕಾಫಿ ತೊಳೆದ ನೀರು

ನಮ್ಮೂರಿನ ನೀರಿನ ಸಮಿತಿಗೆ ನಾನೇ ಅಧ್ಯಕ್ಷ. ಕಾಫಿ ತೊಳೆದ ನೀರನ್ನು ನಲ್ಲಿಗಳಿಗೆ ನೀರು ಬರುವ ಹಳ್ಳಕ್ಕೆ ಬಿಡಬೇಡಿ, ಗುಂಡಿಯಲ್ಲೇ ಇಂಗಿಸಿ ಎಂದು ಹೇಳಿ ಹೇಳಿ ಗಂಟಲು ಒಣಗಿದೆ. ಹೋದ ವರ್ಷ ನಮ್ಮೂರಿನ ಇನ್ನೊಬ್ಬ ಬೆಳೆಗಾರ ರುತಿಲಿಯೊ ಹಾಗೆ ಬಿಟ್ಟಾಗ ಅವನನ್ನು ಸಭೆಯೆದುರು ನಿಲ್ಲಿಸಿ, ಅವನ ಹೆಂಡತಿ ಅಳುವವರೆಗೆ ಬೈದವನೂ ನಾನೇ.

ಹೊಂಡುರಾಸಿನ ನಮ್ಮ ಬೆಟ್ಟಗಳಲ್ಲಿ ಈ ಸಲ ನನ್ನ ತೋಟದ ಹಣ್ಣೆಲ್ಲ ಒಟ್ಟಿಗೇ ಕೆಂಪಾಯಿತು. ನನ್ನ ಗುಂಡಿ ತುಂಬಿಹೋಯಿತು. ತೊಟ್ಟಿಯಲ್ಲಿ ಹುಳಿ ಬಂದಿದ್ದ ಬೀಜವನ್ನು ಅಂದೇ ತೊಳೆಯದಿದ್ದರೆ ಕೆಡುತ್ತಿತ್ತು. ಇನ್ನೊಂದು ಗುಂಡಿ ತೋಡಲು ಮೈಗಳ್ಳತನ. ಒಂದೇ ಸಲ ತಾನೇ ಎಂದುಕೊಂಡು ಗುದ್ದಲಿಯಿಂದ ಗುಂಡಿಯ ಬದು ಕಡಿದೆ. ಕಂದು ಲೋಳೆ ನೀರು ಹಳ್ಳಕ್ಕೆ ಹರಿಯಿತು.

ಮರುದಿನ ಕೆಳಗಿನ ಕೇರಿಯ ಎರ್ಮೀನಿಯಾಳ ಮನೆಯಲ್ಲಿ ಅವಳ ಮಗನ ಹುಟ್ಟುಹಬ್ಬ. ಜ್ಞಾನಸ್ನಾನದ ದಿನ ಆ ಮಗುವನ್ನು ಎತ್ತಿ ಹಿಡಿದವನು ನಾನು. ಅಂದಿನಿಂದ ಅವಳು ನನಗೆ ಕೊಮಾದ್ರೆ, ನಾನು ಅವಳಿಗೆ ಕೊಂಪಾದ್ರೆ; ಒಡಹುಟ್ಟಿದವರಷ್ಟೇ ಹತ್ತಿರದ ನಂಟು.

"ಬನ್ನಿ ಕೊಂಪಾದ್ರೆ, ಬಿಸಿಲಲ್ಲಿ ಬಂದಿದೀರ. ಮೊದ್ಲು ನೀರು ಕುಡೀರಿ."

ಲೋಟ ಬಾಯಿಗೆ ಬರುವ ಮೊದಲೇ ಹುಳಿ ನಾತ ಮೂಗಿಗೆ ಬಡಿಯಿತು.

"ಇಂಥ ನೀರು ಕೊಡೋಕೆ ನಂಗೇ ನಾಚ್ಕೆ," ಎಂದಳು. "ನಿನ್ನೆಯಿಂದ ನಲ್ಲೀಲಿ ಇದೇ ಬರ್ತಿದೆ. ಎರಡು ಸಲ ಕುದಿಸ್ದೆ, ವಾಸನೆ ಹೋಗ್ಲಿಲ್ಲ. ಮಗೂಗೂ ಹೊಟ್ಟೆ ಕೆಟ್ಟಿದೆ. ತಡೀರಿ, ಅವನ ಹಾಲಿಗೆ ಅಂತ ಮೊನ್ನೆ ಹಿಡಿದಿಟ್ಟ ನೀರು ಒಂದು ಬಾಟ್ಲಿ ಇದೆ, ಅದ್ರಲ್ಲೇ ಕೊಡ್ತೀನಿ."

"ಬೇಡ, ಬೇಡ." ಕಣ್ಣು ಮುಚ್ಚಿ ಕೈಯಲ್ಲಿದ್ದುದನ್ನೇ ಗಟಗಟ ಕುಡಿದೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಎಲ್ರೂ ರುತಿಲಿಯೊನೇ ಅಂತಿದಾರೆ. ಬೆಳಗ್ಗೆ ಅವನ ಬಾಗಿಲಿಗೇ ಹೋಗಿ ಉಗಿದು ಬಂದ್ರು."

ಸುಮ್ಮನಿದ್ದರೆ ನಾನು ಬಚಾವು. ತೊಟ್ಟಿಲಲ್ಲಿ ಮಗು ನರಳಿತು.

"ಅವನಲ್ಲ ಕೊಮಾದ್ರೆ. ನಾನು."

ಅವಳು ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಗೊತ್ತು. ರುತಿಲಿಯೊ ಕೊಯ್ಲು ಮುಗಿಸಿ ಹದಿನೈದು ದಿನ ಆಯ್ತು. ಮೇಲಿನ ತೋಟಗಳಲ್ಲಿ ಇನ್ನೂ ಕಾಫಿ ತೊಳೀತಿರೋದು ನೀವೊಬ್ರೇ. ನಿಮ್ಮ ಬಾಯಿಂದ ಬರತ್ತೋ ಇಲ್ವೋ ಅಂತ ಕಾಯ್ತಿದ್ದೆ. ಇದನ್ನ ಸಭೇಲಿ ಹೇಳಿ, ಅವನನ್ನ ನಿಲ್ಲಿಸಿದ್ರಲ್ಲ, ಅದೇ ಜಾಗದಲ್ಲಿ ನಿಂತು."

ಭಾನುವಾರ ಅಲ್ಲೇ ನಿಂತೆ. ಹೇಳಿದೆ. ತಲೆಯೆತ್ತಲಾಗಲಿಲ್ಲ. ರುತಿಲಿಯೊ ಎದ್ದ, ಮೂಲೆಯಲ್ಲಿದ್ದ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡ.

"ನಡೀರಿ, ನಿಮ್ಮ ಗುಂಡಿ ತೋಡೋಣ. ಒಬ್ರಿಗೆ ಆಗೋ ಕೆಲಸ ಅಲ್ಲ ಅದು."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.